ಹೆಚ್ಚಾದ ಅಂಗಡಿಗಳು

ಈಚೆಗೆ ಕಲಬುರಗಿಯಲ್ಲಿ ನಮ್ಮ ಹಳೆಯ ಏಜೆನ್ಸಿಯವರು ಹೊಸ ಸೇಲ್ಸ್‌ಮನ್‌ಗಳಿಗೆ ಒಂದು ತರಬೇತಿ ಇಟ್ಟಿದ್ದರು. ನಿವೃತ್ತನಾದ ನನ್ನನ್ನೂ ಕರೆದು, ಶಾಲು ಹೊದಿಸಿ, ಅನುಭವ ಹೇಳಿ ಎಂದು ಮೈಕಿನ ಮುಂದೆ ನಿಲ್ಲಿಸಿದರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳ ಕಿರಾಣಿ ಅಂಗಡಿಗಳಿಗೆ ಚಹಾಪುಡಿ, ಸಾಬೂನು, ಶಾಂಪೂ ಮಾರುವುದರಲ್ಲೇ ನನ್ನ ಆಯುಷ್ಯ ಕಳೆದಿದೆ. ಹೇಳಲು ಮಾತಿಗೇನೂ ಬರ ಇರಲಿಲ್ಲ. ಆದರೆ ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಒಬ್ಬ ತರುಣ ಎದ್ದು ನಿಂತ.

"ಸರ್, ನಮ್ಮ ಮೂರು ತಾಲ್ಲೂಕಿನಾಗ ಅಂಗಡಿ ವ್ಯಾಪಾರ ಹೆಚ್ಚಾಗ್ಯಾದೋ ಕಡಿಮಿ ಆಗ್ಯಾದೋ? ಅಷ್ಟು ಹೇಳಿಬಿಡ್ರಿ, ಸಾಕು."

ನಾನು ಸ್ವಲ್ಪ ಯೋಚಿಸಿ, "ಹೆಚ್ಚಾಗ್ಯಾದ" ಎಂದೆ.

ಅರ್ಧ ಸಭೆ ಗೊಳ್ಳೆಂದು ನಕ್ಕಿತು. ಇನ್ನರ್ಧ, ಮೈಸೂರು ಬೆಂಗಳೂರು ಕಡೆಯಿಂದ ಬಂದವರು, ಗಂಭೀರವಾಗಿ ಮೊಬೈಲಿನಲ್ಲಿ ಬರೆದುಕೊಂಡರು. ನಕ್ಕವರು ಯಾಕೆ ನಕ್ಕರೆಂದು ಬರೆದುಕೊಂಡವರಿಗೆ ತಿಳಿಯಲಿಲ್ಲ. ನಾನು ಯಾವ ಅರ್ಥದಲ್ಲಿ ಹಾಗೆ ಹೇಳಿದೆನೆಂದು ನನಗೂ ತಿಳಿಯಲಿಲ್ಲ. ಶಾಲು ಮಡಚಿಕೊಂಡು ಮನೆಗೆ ಬಂದೆ. ಅಂದಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ. ಓದಿದ ಮೇಲೆ ನಿಮಗೇನಾದರೂ ಸ್ಪಷ್ಟವಾದರೆ ದಯವಿಟ್ಟು ನನಗೂ ತಿಳಿಸಿ.

ಮೊದಲು ಈ ಮಾತಿನ ಕಥೆ ಹೇಳಬೇಕು. ನಮ್ಮ ಕಡೆ ಮನೆಯಲ್ಲಿ ಅಕ್ಕಿ ತೀರಿತು ಅನ್ನುವುದಿಲ್ಲ, ಉಪ್ಪು ಮುಗಿಯಿತು ಅನ್ನುವುದಿಲ್ಲ. 'ಹೆಚ್ಚಾಗ್ಯಾದ' ಅನ್ನುತ್ತೇವೆ. ಬಳೆ ಒಡೆದರೆ ಬಳೆ ಹೆಚ್ಚಾಯಿತು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಬಾಗಿಲು ಮುಚ್ಚು ಅಂದರೆ ಹಿರಿಯರು ಗದರುತ್ತಾರೆ, ಮುಂದೆ ಮಾಡು ಅನ್ನಬೇಕು. ಬಾಯಲ್ಲಿ ಬಂದದ್ದು ಮನೆಯೊಳಗೂ ಬಂದುಬಿಡುತ್ತದೆ ಎಂಬ ಅಂಜಿಕೆ. ಬಜಾರದಲ್ಲಿ ಈ ಅಂಜಿಕೆ ಇನ್ನೂ ಒಂದು ತೂಕ ಜಾಸ್ತಿ. ಉರ್ದು ಮಾತಾಡುವ ವ್ಯಾಪಾರಿಗಳು ಸಂಜೆ ಅಂಗಡಿ ಮುಚ್ಚುವುದಕ್ಕೆ 'ದುಕಾನ್ ಬಢಾನಾ' ಅನ್ನುತ್ತಾರೆ, ಅಂದರೆ ಅಂಗಡಿಯನ್ನು ಬೆಳೆಸುವುದು. ಆಳಂದದ ಆಚೆ ಮರಾಠಿಯವರ ರೀತಿಯೂ ಇದೇ. ಎಲ್ಲ ಕಲಸಿಕೊಂಡು ನಮ್ಮ ಬಜಾರಗಳಲ್ಲಿ ಒಂದೇ ಮಾತು ಉಳಿದಿದೆ: ಅಂಗಡಿ ಹೆಚ್ಚು ಮಾಡುವುದು. ಸಂಜೆ ಮುಚ್ಚಿದರೂ ಅದೇ ಮಾತು, ಕಾಯಂ ಮುಚ್ಚಿದರೂ ಅದೇ ಮಾತು. ಗೋಡೆ ಒಡೆದು ನಿಜವಾಗಿ ದೊಡ್ಡದು ಮಾಡಿದರೂ ಪಾಪ ಅದೇ ಮಾತು.

ನಾನು ಕೆಲಸಕ್ಕೆ ಸೇರಿದ ದಿನ ಏಜೆನ್ಸಿಯ ಮಾಲಕರು ನನ್ನನ್ನು ಎದುರು ಕೂರಿಸಿಕೊಂಡು ಒಂದು ಉಪದೇಶ ಮಾಡಿದರು. ದಪ್ಪ ಕನ್ನಡಕದ, ಹಣೆ ತುಂಬ ವಿಭೂತಿಯ ಮನುಷ್ಯ. ಅವರನ್ನು ಎಲ್ಲರೂ ಸಾವಕಾರ್ರು ಎಂದೇ ಕರೆಯುತ್ತಿದ್ದರು.

"ನೋಡು ಶರಣಪ್ಪಾ, ಅಂಗಡಿಗೆ ಹೋದಕೂಡ್ಲೆ ಆರ್ಡರ್ ಕೇಳಬ್ಯಾಡ. ಕೂಡು, ಚಾ ಕುಡಿ, ಊರ ಸುದ್ದಿ ಕೇಳು. ಕಣ್ಣು ಮಾತ್ರ ಮಾಲಿಟ್ಟ ಹಲಗೀ ಮ್ಯಾಲ ಇರಲಿ. ನಂದು ಇದು ಖಾಲಿ ಆಗ್ಯಾದ ಅಂತ ಯಾವ ವ್ಯಾಪಾರಿನೂ ಬಾಯಿಬಿಟ್ಟು ಹೇಳಂಗಿಲ್ಲ. ನೀನೇ ನೋಡಿ ತಿಳ್ಕೋಬೇಕು."

ಈ ಉದ್ಯೋಗದಲ್ಲಿ ನಾನು ಕಲಿತದ್ದು ಅಷ್ಟೇ, ಹಲಗೆ ನೋಡುವುದು. ಬಸ್ಸಿನಲ್ಲಿ ಚೀಲ ಹಾಕಿಕೊಂಡು ಹೋಗಿ, ಊರಿಂದ ಊರಿಗೆ ಇಳಿದು ಹತ್ತಿ ತಿರುಗಿದೆ. ಮುಂದೆ ಮೋಟರ್ ಸೈಕಲ್ ಬಂದು, ಕಂಪನಿಯ ವ್ಯಾನೂ ಬಂದು, ಕೊನೆಗೆ ಕೈಯಲ್ಲಿ ಮೊಬೈಲೂ ಬಂತು. ಮಂದಿ ನನ್ನನ್ನು ಚಾಪುಡಿ ಶರಣಪ್ಪ ಅನ್ನುತ್ತಿದ್ದರು. ಬೀಗರ ಮನೆಯಲ್ಲೂ ಅದೇ ಹೆಸರು ನಿಂತುಬಿಟ್ಟಿತು.

ಹಲಗೆ ನೋಡಿ ತಿಳಿದುಕೊಂಡೆ ಎಂದು ಬೀಗುವ ಹಾಗೂ ಇರಲಿಲ್ಲ. ಕಿಣ್ಣಿ ಸುಲ್ತಾನದ ಸಂಗತಿ ಹೇಳುತ್ತೇನೆ. ಚಿಕ್ಕ ಊರು, ಒಕ್ಕಲುತನದ ಮಂದಿ. ಶಾಂಪೂ ಸಣ್ಣ ಸಣ್ಣ ಪುಡಿಕೆಗಳಲ್ಲಿ ಬರಲು ಶುರುವಾದ ಕಾಲ. ಒಂದು ಮುಂಗಾರಿನ ಹೊತ್ತಿಗೆ ಆ ಊರಿನ ಒಂದೇ ಅಂಗಡಿಯಲ್ಲಿ ಶಾಂಪೂ ಸರಗಳು ತೂಗುಹಾಕಿದಂತೆಲ್ಲ ಮಾಯವಾದವು. ಆಳಂದ ಪಟ್ಟಣದಲ್ಲೂ ಅಷ್ಟು ಹೋಗುತ್ತಿರಲಿಲ್ಲ. ಆಗಿನ ಮ್ಯಾನೇಜರರು ಖುಷಿಯಾಗಿ, ಗ್ರಾಮೀಣ ಮಹಿಳೆಯರಲ್ಲಿ ಕೇಶ ಕಾಳಜಿ ಬೆಳೆಯುತ್ತಿದೆ ಎಂದು ಮೇಲಿನವರಿಗೆ ಬರೆದರು. ಆ ಊರಿನ ಗೋಡೆಗೆ ಉದ್ದ ಕೂದಲಿನ ಹೆಣ್ಣಿನ ಚಿತ್ರವನ್ನೂ ಬರೆಸಿದರು. ಮುಂದಿನ ವರ್ಷ ಕಾರಹುಣ್ಣಿಮೆಯ ದಿನ ನಾನು ಅಲ್ಲಿ ಇಳಿದೆ. ನೋಡಿದರೆ ಬಾವಿಕಟ್ಟೆಯ ಸುತ್ತ ಎತ್ತುಗಳು ನಿಂತಿವೆ, ಮೈತುಂಬ ನೊರೆ. ಅಂಗಡಿಯವನನ್ನು ಕೇಳಿದೆ.

"ಹೌದ್ರಿ ಮತ್ತ," ಎಂದ ಅವನು. "ನಿಮ್ಮ ಶಾಂಪೂ ಹಚ್ಚಿದ್ರ ಎತ್ತಿನ ಮೈ ಫಳಫಳ ಅಂತದ. ಹೆಣ್ಮಕ್ಕಳು ಸೀಗಿಪುಡೀನ ಹಚ್ತಾರ್ರಿ."

ಇದನ್ನು ಮ್ಯಾನೇಜರರಿಗೆ ಹೇಳುವುದೋ ಬಿಡುವುದೋ ತಿಳಿಯದೆ ಕಕ್ಕಾಬಿಕ್ಕಿಯಾದೆ. ಹೇಳಿದೆ. ಅವರು ನನ್ನ ಮುಖ ನೋಡಿ, "ಮಾರಾಟ ಮಾರಾಟವೇ ಅಲ್ವೇನ್ರಿ?" ಎಂದರು. ಅದೂ ಸುಳ್ಳಲ್ಲ.

ಇಜೇರಿಯಲ್ಲಿ ಇದರ ಉಲ್ಟಾ ಆಯಿತು. ಚಹಾಪುಡಿಯ ದೊಡ್ಡ ಪಾಕೀಟಿಗೆ ಒಂದು ಸ್ಟೀಲ್ ಚಮಚ ಪುಕ್ಕಟೆ ಎಂದು ಕಂಪನಿ ಒಂದು ಸ್ಕೀಮ್ ತಂದಿತ್ತು. ಇಜೇರಿಯ ಮಲ್ಲಿನಾಥ ಎಂಬ ವ್ಯಾಪಾರಿ ಮಾಲು ಎತ್ತಿಸಿಕೊಂಡ. ಮುಂದಿನ ಸರ್ತಿ ಹೋದಾಗ, "ಹೆಂಗದರಿ ನಮ್ಮ ಸ್ಕೀಮ್?" ಎಂದೆ. "ಪೂರಾ ಹೆಚ್ಚಾಗ್ಯಾವ್ರಿ, ಇನ್ನಷ್ಟು ಕಳಿಸ್ರಿ" ಎಂದ. ಸಂತೋಷದಿಂದ ಇನ್ನಷ್ಟು ಬರೆದುಕೊಂಡೆ. ಎದ್ದು ಹೊರಡುವಾಗ ಕಣ್ಣು ಮೇಲಿನ ಹಲಗೆಗೆ ಹೋಯಿತು. ಚಹಾಪುಡಿ ಪಾಕೀಟುಗಳು ಎಲ್ಲ ಅಲ್ಲೇ ಕೂತಿವೆ. ಹೆಚ್ಚಾದದ್ದು ಚಮಚಗಳು. ಮಲ್ಲಿನಾಥ ಅವನ್ನು ಬಿಚ್ಚಿಕೊಂಡು ಮದುವೆ ಮನೆಯವರಿಗೆ ಒಟ್ಟಿಗೆ ಮಾರಿದ್ದ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮಂದಿಗೆ ಬೇಕಾದದ್ದು ಚಮಚ, ಅವನು ಕೊಟ್ಟ. ಹಾಗಾದರೆ ನಾವು ಚಹಾಪುಡಿ ಕಂಪನಿಯೋ ಚಮಚದ ಕಂಪನಿಯೋ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಜೇವರ್ಗಿ ಬಂದರೂ ಬಗೆಹರಿಯಲಿಲ್ಲ.

ಇಂಥ ಗೊಂದಲಗಳ ನಡುವೆ ನನಗೆ ನೆಲೆ ಅನ್ನಿಸುತ್ತಿದ್ದ ಅಂಗಡಿ ಒಂದೇ, ಮಾದನಹಿಪ್ಪರಗಾದ ಗುರುಬಾಯಿಯದು. ಗಂಡ ತೊಗರಿ ಹೊಲ ನೋಡಿಕೊಳ್ಳುತ್ತಿದ್ದ, ಈಕೆ ಮನೆಯ ಪಡಸಾಲೆಯ ಒಂದು ಮೂಲೆಯಲ್ಲಿ ಅಂಗಡಿ ಇಟ್ಟಿದ್ದಳು. ಬಸ್ ನಿಲ್ಲುವ ಜಾಗಕ್ಕೆ ಹತ್ತಿರ. ಎಂಥ ಗಿರಾಕಿ ಬಂದರೂ ಆಕೆಯ ಬಾಯಿಂದ ಮೊದಲು ಬರುವ ಮಾತು, "ಏನ್ ಕೊಡ್ಲಿ?" ಜಗಳಾಡಲು ಬಂದವರನ್ನೂ ಹಾಗೆಯೇ ಕೇಳುತ್ತಿದ್ದಳು. ಒಮ್ಮೆ ನೆರೆಯಾಕೆ ಕೋಳಿ ಕಳೆದ ಸಿಟ್ಟಿನಲ್ಲಿ ಕೂಗುತ್ತ ಬಂದು, ಈ ಪ್ರಶ್ನೆಗೆ ತಬ್ಬಿಬ್ಬಾಗಿ, ಅರ್ಧ ಕಿಲೋ ಸಕ್ಕರೆ ಕಟ್ಟಿಸಿಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ. ನಾನು ಆಕೆಯನ್ನು ಅಕ್ಕಾರ ಎನ್ನುತ್ತಿದ್ದೆ, ಆಕೆ ನನ್ನನ್ನು ಅಣ್ಣಾರ ಎನ್ನುತ್ತಿದ್ದಳು. ವಯಸ್ಸಿನಲ್ಲಿ ಯಾರು ದೊಡ್ಡವರೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಕಾಲ ಬದಲಾಗುತ್ತ ಬಂತು. ತಾಲ್ಲೂಕು ಪಟ್ಟಣಗಳಲ್ಲಿ ತಣ್ಣನೆ ಗಾಳಿಯ ಮಾರ್ಟ್‌ಗಳು ಬಂದವು. ಅಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ತಿರುಗಬೇಕು, ಏನು ಕೊಡಲಿ ಎಂದು ಕೇಳುವವರು ಇಲ್ಲ. ಹೆಂಗಸರಿಗೆ ಬಸ್ ಪುಕ್ಕಟೆ ಆಯಿತು. ಹಳ್ಳಿಯ ಹೆಂಗಸರು ಸಂತೋಷದಿಂದ ಆಳಂದಕ್ಕೆ, ಕಲಬುರಗಿಗೆ ಹೋಗಿ ಸಾಮಾನು ತರತೊಡಗಿದರು. ಹಳ್ಳಿ ಅಂಗಡಿಯವರು ಗೊಣಗಿದರು. ಆದರೆ ಅದೇ ಹೆಂಗಸರು ಊರಿಗೆ ವಾಪಸ್ಸಾಗುವಾಗ ಮರೆತದ್ದನ್ನೆಲ್ಲ ಬಸ್ ಇಳಿದು ಗುರುಬಾಯಿಯ ಹತ್ತಿರವೇ ಕೊಳ್ಳುತ್ತಿದ್ದರು. ಹಾಗಾಗಿ ಆಕೆಯ ವ್ಯಾಪಾರ ಬಿತ್ತೋ ಎದ್ದಿತೋ ಹೇಳುವುದು ಕಷ್ಟ. ಅಫಜಲಪುರದಲ್ಲಿ ಬಟ್ಟೆ ಅಂಗಡಿಯ ಒಬ್ಬ ಯಜಮಾನರು ನನ್ನೊಡನೆ ಚಹಾ ಕುಡಿಯುತ್ತ, ಮಂದಿ ಎಲ್ಲ ಫೋನಿನಲ್ಲೇ ಬಟ್ಟೆ ತರಿಸುತ್ತಾರೆ ಎಂದು ಹಳಹಳಿಸಿದರು. ಅವರು ತೊಟ್ಟ ಅಂಗಿ ಚೆನ್ನಾಗಿತ್ತು. ಎಲ್ಲಿಯದು ಎಂದು ಕೇಳಿದೆ. "ಸೊಸಿ ಫೋನಿನಾಗ ತರಿಸ್ಯಾಳ್ರಿ" ಎಂದರು.

ಈ ಹೊತ್ತಿಗೆ ನಮ್ಮ ಕೆಲಸದ ರೀತಿಯೂ ಬದಲಾಯಿತು. ಕೈಬರಹದ ಆರ್ಡರ್ ಹೋಗಿ ಮೊಬೈಲ್ ಆ್ಯಪ್ ಬಂತು. ಹೊಸ ಏರಿಯಾ ಮ್ಯಾನೇಜರಾಗಿ ಶ್ವೇತಾ ಮೇಡಂ ಬಂದರು. ಮೈಸೂರಿನವರು, ಚುರುಕಿನ ಹೆಣ್ಣುಮಗಳು, ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ. ನಮಗೆ ತೊಡಕಾಗದಿರಲೆಂದು ಆ್ಯಪ್ ಅನ್ನು ಕನ್ನಡದಲ್ಲೇ ಮಾಡಿಸಿದ್ದರು. ಅಂಗಡಿಗೆ ಹೋದಕೂಡಲೇ ಅದರ ಸ್ಥಿತಿ ತೋರಿಸುವ ಒಂದು ಗುಂಡಿ ಒತ್ತಬೇಕು. ಗುಂಡಿಗಳು ಮೂರು: ಇದ್ದ ಹಾಗೆ, ಹೆಚ್ಚಾಗಿದೆ, ಮುಚ್ಚಿದೆ.

ನೀವೇ ಯೋಚಿಸಿ. ಒಬ್ಬ ವ್ಯಾಪಾರಿ ಕಾಯಂ ಷಟರ್ ಎಳೆದು, ಮುಂದಿನ ಕಟ್ಟೆಯ ಮೇಲೆ ಕೂತಿದ್ದಾನೆ. ನಾನು ಹೋಗಿ ಪಕ್ಕ ಕೂತರೆ, ನಾನು ಏನು ಒತ್ತುತ್ತೇನೆಂದು ಕತ್ತು ಚಾಚಿ ಮೊಬೈಲ್ ನೋಡುತ್ತಾನೆ. ಅವನ ಕಣ್ಣೆದುರು, ಅವನ ಹೊಸ್ತಿಲ ಮೇಲೆ, 'ಮುಚ್ಚಿದೆ' ಎಂದು ಒತ್ತುವ ಎದೆ ಯಾರಿಗಿದೆ? ನನಗಂತೂ ಇರಲಿಲ್ಲ. ಮೂರೂ ತಾಲ್ಲೂಕಿನಲ್ಲಿ ಯಾವ ಸೇಲ್ಸ್‌ಮನ್‌ಗೂ ಇರಲಿಲ್ಲ. ಪಕ್ಕದಲ್ಲೇ ಎಷ್ಟು ಚೆಂದದ ಗುಂಡಿ ಇದೆ, ಹೆಚ್ಚಾಗಿದೆ ಎಂದು! ಕಂಪನಿಯವರು ನಮ್ಮ ರೂಢಿ ತಿಳಿದೇ ಇಟ್ಟಿದ್ದಾರೆ, ಆ ಮೂರನೆಯ ಗುಂಡಿ ಬೆಂಗಳೂರಿನವರಿಗೆ ಇರಬೇಕು ಎಂದುಕೊಂಡೆವು. ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ಕೇಳುವಂಥದ್ದು ಏನಿತ್ತು?

ಕೆಲವು ತಿಂಗಳಾದ ಮೇಲೆ ಮೇಡಂ ಮೀಟಿಂಗ್ ಕರೆದು ಪರದೆಯ ಮೇಲೆ ಚಿತ್ರ ತೋರಿಸಿದರು. ಉಳಿದ ಕಡೆ ಅಂಗಡಿಗಳು ಸೊರಗುತ್ತಿವೆ, ನಮ್ಮ ಮೂರು ತಾಲ್ಲೂಕುಗಳಲ್ಲಿ ಮಾತ್ರ ಹಸಿರು ಗೆರೆ ಮೇಲೆ ಮೇಲೆ ಏರುತ್ತಿದೆ. ಬೆಂಗಳೂರಿನಲ್ಲಿ ನಮ್ಮ ಹೆಸರು ಹೇಳಿ ಚಪ್ಪಾಳೆ ತಟ್ಟಿದರಂತೆ. ನಾವೂ ತಟ್ಟಿದೆವು. ನನಗೆ ಒಳಗೊಳಗೇ ಗೊಂದಲ, ಬಜಾರದಲ್ಲಿ ದಿನಾ ಎಳೆದ ಷಟರ್‌ಗಳನ್ನೇ ನೋಡುತ್ತಿದ್ದೇನೆ, ಇಲ್ಲಿ ಗೆರೆ ಹೀಗೇಕೆ ಏರುತ್ತಿದೆ? ದೊಡ್ಡವರ ಲೆಕ್ಕ ಬೇರೆ ಇರುತ್ತದೆ ಎಂದು ಸುಮ್ಮನಾದೆ.

"ಈ ಅಂಗಡಿಗಳನ್ನ ನಾನು ಕಣ್ಣಾರೆ ನೋಡ್ಬೇಕು ಶರಣಪ್ಪನವರೇ, ನೀವೇ ತೋರಿಸಿ" ಎಂದರು ಮೇಡಂ.

ಅವರ ಕಾರಿನಲ್ಲಿ ಜೇವರ್ಗಿಗೆ ಹೋದೆವು. ಮೊದಲನೆಯದು ರಸ್ತೆ ಬದಿಯ ಒಂದು ಕಿರಾಣಿ. ಷಟರ್ ಮೇಲೆ ಧೂಳು, ಬೀಗಕ್ಕೆ ಜೇಡರ ಬಲೆ.

"ಇವತ್ತು ರಜೆನಾ?" ಎಂದರು.

"ಇಲ್ರಿ ಮೇಡಂ. ಹೆಚ್ಚಾಗ್ಯಾದ್ರಿ."

"ಹೆಚ್ಚಾಗಿ ಎಲ್ಲಿಗೆ ಹೋಗಿದೆ?"

"ಎಲ್ಲಿಗೂ ಇಲ್ರಿ. ಇಲ್ಲೇ ಹೆಚ್ಚಾಗ್ಯಾದ."

ಎರಡನೆಯದೂ ಹಾಗೆಯೇ. ಮೂರನೆಯದರ ಮುಂದೆ ಅವರು ಕಾರಿಂದ ಇಳಿಯಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಶರಣಪ್ಪನವರೇ, ನಿಮ್ಮ ಕಡೆ ಹೆಚ್ಚಾಗಿದೆ ಅಂದ್ರೆ ಏನು, ಮೊದಲಿನಿಂದ ಹೇಳಿ" ಎಂದರು. ಅಕ್ಕಿ, ಬಳೆ, ದೀಪ, ಬಾಗಿಲು ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. "ಚಪ್ಪಾಳೆ ತಟ್ಟಿಬಿಟ್ರಲ್ರೀ" ಎಂದಷ್ಟೇ ಅಂದರು, ಅಳುವ ದನಿಯಲ್ಲಿ.

ಬೆಂಗಳೂರಿನಲ್ಲಿ ಅವರಿಗೆ ಎಷ್ಟು ಮುಜುಗರವಾಯಿತೋ ನನಗೆ ಗೊತ್ತಿಲ್ಲ. ಮೇಲಿನವರು ಒಂದೇ ಏಟಿಗೆ ಸರಿಪಡಿಸಿದರು: ಮೂರು ತಾಲ್ಲೂಕುಗಳಲ್ಲಿ 'ಹೆಚ್ಚಾಗಿದೆ' ಎಂದಿದ್ದ ಎಲ್ಲ ಅಂಗಡಿಗಳನ್ನೂ ಕಂಪ್ಯೂಟರಿನಲ್ಲಿ 'ಮುಚ್ಚಿದೆ' ಮಾಡಿದರು. ಮುಚ್ಚಿದ ಅಂಗಡಿಗೆ ವ್ಯಾನ್ ಹೋಗುವುದಿಲ್ಲ. ಸೇಲ್ಸ್‌ಮನ್ ಒತ್ತಿದ್ದನ್ನು ಇನ್ನು ನಂಬುವ ಹಾಗಿಲ್ಲ, ತಿದ್ದಬೇಕಿದ್ದರೆ ಅಂಗಡಿಯವರೇ ಫೋನಿನಲ್ಲಿ ತಮ್ಮ ಬಾಯಿಂದ ಹೇಳಬೇಕು ಎಂದು ನಿಯಮ ಬಂತು.

ಗುರುಬಾಯಿಯ ಅಂಗಡಿಯೂ 'ಹೆಚ್ಚಾಗಿದೆ' ಎಂದೇ ಇತ್ತು. ಆದರೆ ಅದು ಖರೇನೇ ಹೆಚ್ಚಾಗಿತ್ತು. ಆ ವರ್ಷ ಆಕೆ ಪಡಸಾಲೆಯ ಅಡ್ಡಗೋಡೆ ಒಡೆಸಿ, ಹೊಸ ಹಲಗೆ ಹೊಡೆಸಿ, ತಂಪು ಪಾನೀಯದ ಫ್ರಿಜ್ ಇಡಿಸಿದ್ದಳು. ಗಂಡನಿಗೆ ಇದು ಬೇಕಿರಲಿಲ್ಲ. ಹಟ ಹಿಡಿದು ಮಾಡಿಸಿದ್ದಳು.

ವ್ಯಾನ್ ಬರುವ ದಿನ ವ್ಯಾನ್ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಗುರುಬಾಯಿ ಫೋನ್ ಮಾಡಿದಳು. ನಾನು ಹೋಗಿ ನೋಡಿದರೆ ಹೊಸ ಹಲಗೆಗಳು ಭಣಭಣ ಅನ್ನುತ್ತಿವೆ. ಸಾಬೂನಿನ ಸಾಲಿನಲ್ಲಿ ಒಂದೆರಡು ಸಾಬೂನು, ಫ್ರಿಜ್ಜಿನಲ್ಲಿ ಕುಡಿಯುವ ನೀರು.

"ಆಳಂದಕ್ಕ ಹೋಗಿ ನಾನೇ ಮಾಲ್ ತರಬೇಕಂತ ಹೋಗಿದ್ದೆರಿ ಅಣ್ಣಾರ" ಎಂದಳು. "ಬಸ್ ಪುಕ್ಕಟೆ ಅದ, ಖರೇ. ಆದ್ರ ಮೊಣಕಾಲು ಕೇಳಬೇಕಲ್ರಿ. ಚೀಲ ಹೊತ್ತು ಬಸ್ ಹತ್ತಾಕ ಆಗಲಿಲ್ಲ, ಯಾರೋ ಎತ್ತಿ ಒಳಗ ಒಗದ್ರು. ಹಿಂಗಾದ್ರ ಈ ಅಂಗಡಿ ಹೆಂಗ ನಡೀಬೇಕ್ರಿ? ನಮ್ಮನಿಯವರು ನಗತಾರ. ಗ್ವಾಡಿ ಕೆಡವಿದಿ, ಈಗ ಇಲ್ಲಿ ಎಮ್ಮಿ ಕಟ್ಟು ಅಂತಾರ."

ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ತುಂಬಿ ಬಂದವು. ಅಂಗಡಿ ದೊಡ್ಡದು ಮಾಡಿದ್ದಕ್ಕೇ ಅದು ಮುಚ್ಚಿಹೋಗುವುದೆಂದರೆ ಇದು ಯಾವ ನ್ಯಾಯ? ಅಲ್ಲೇ ಕೂತು ಮೇಡಂಗೆ ಫೋನ್ ಹಚ್ಚಿದೆ.

"ನಿಮ್ಮ ಮೇಲೆ ನನಗೆ ನಂಬಿಕೆ ಇದೆ ಶರಣಪ್ಪನವರೇ" ಎಂದರು. "ಆದ್ರೆ ನಿಯಮ ನಿಯಮ. ಆ ಅಮ್ಮನ ಬಾಯಿಂದಲೇ ಬರ್ಲಿ. ಕರೆ ರೆಕಾರ್ಡ್ ಆಗ್ತಿದೆ. ಸ್ಪೀಕರ್ ಹಾಕಿ."

ಹಾಕಿದೆ. ಮೇಡಂ ಮೃದುವಾಗಿ ಕೇಳಿದರು: "ಅಮ್ಮ, ನಿಮ್ಮ ಅಂಗಡಿ ಮುಚ್ಚಿಲ್ಲ ತಾನೆ? ಮುಚ್ಚಿಲ್ಲ ಅಂತ ಒಂದು ಸಲ ಹೇಳಿಬಿಡಿ, ಅಷ್ಟೇ ಸಾಕು."

ಗುರುಬಾಯಿ ನನ್ನ ಮುಖ ನೋಡಿದಳು. "ಹೆಚ್ಚಾಗ್ಯಾದ್ರಿ ಮೇಡಂ" ಎಂದಳು.

"ಅಯ್ಯೋ, ಹೆಚ್ಚಾಗಿದೆ ಅನ್ಬೇಡಿ!"

"ದೊಡ್ಡದಾಗ್ಯಾದ್ರಿ."

"ದೊಡ್ಡದು ಮಾಡೋದು ಅಂದ್ರೆ ದೀಪ ಆರಿಸೋದು ಅಂತ ಶರಣಪ್ಪನವರೇ ನನಗೆ ಹೇಳಿಕೊಟ್ಟಿದಾರಮ್ಮ."

ನಾನು ಹಣೆ ಚಚ್ಚಿಕೊಂಡೆ. ಫೋನನ್ನು ಅಂಗೈಯಿಂದ ಮುಚ್ಚಿ, "ಅಕ್ಕಾರ, ಮುಚ್ಚಿಲ್ಲ ಅಂತ ಒಂದ್ಸಲ ಅಂದುಬಿಡ್ರಿ. ಇಲ್ಲಾಂದ್ರ ವ್ಯಾನ್ ಬರಂಗಿಲ್ಲ" ಎಂದೆ.

"ಆ ಮಾತು ನನ್ನ ಬಾಯಾಗ ಬರಂಗಿಲ್ರಿ ಅಣ್ಣಾರ."

"ಇಲ್ಲ ಅಂತನ ಹೇಳೋದಲ್ರಿ? ಮುಚ್ಚಿ-ಇಲ್ಲ!"

"ಇಲ್ಲ ಅನ್ನೋದೂ ಛಲೋ ಮಾತಲ್ಲ, ಅದಕ್ಕ ಮುಂಚೆ ಬರೋದೂ ಛಲೋ ಮಾತಲ್ಲ. ಎರಡೂ ಕೂಡಿಸಿ ಅಂಗಡ್ಯಾಗ ನಿಂತು ಹೆಂಗ ಅನ್ಲಿ? ಗ್ವಾಡಿ ಇನ್ನಾ ಹಸಿ ಅದಾವ್ರಿ, ಕೇಳಾಕತ್ತಾವ."

ನಾನೂ ಆ ಗುಂಡಿ ಒತ್ತಲಾಗದವನೇ. ಫೋನಿನಲ್ಲಿ ಮೇಡಂ ಹಲೋ ಹಲೋ ಅನ್ನುತ್ತಿದ್ದಾರೆ, ಇಲ್ಲಿ ಈಕೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ. ನಾನು ಫೋನನ್ನು ಕೌಂಟರಿನ ಮೇಲೆ ಇಟ್ಟುಬಿಟ್ಟೆ. ಅಷ್ಟರಲ್ಲಿ ಬಸ್ಸಿಳಿದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು.

ಗುರುಬಾಯಿ ತಟ್ಟನೆ ಕಣ್ಣೊರೆಸಿಕೊಂಡು, "ಏನ್ ಕೊಡ್ಲಿ?" ಎಂದಳು.

"ಬಟ್ಟಿ ಸಾಬೂನ್ ಕೊಡ್ರಿ. ಪ್ಯಾಟ್ಯಾಗ ಎಲ್ಲಾ ತಗೊಂಡೆ, ಅದೊಂದ ಮರತೆ."

"ನೀಲಿದೋ ಹಳದಿದೋ?"

"ಯಾವ್ದರೆ ಕೊಡ್ರಿ. ಈ ಫ್ರಿಜ್ ಯಾವಾಗ ತಂದ್ರಿ? ಭಾರಿ ಆಗ್ಯಾದಲ್ರಿ ಅಂಗಡಿ!"

ಸಾಬೂನು ಕೊಟ್ಟು, ಆಕೆಯನ್ನು ಕಳಿಸಿ, ಗುರುಬಾಯಿ ಕೌಂಟರಿನ ಮೇಲಿದ್ದ ಫೋನಿನತ್ತ ತಿರುಗಿದಳು. ಮಾತಾಡಲು ಏನೂ ತೋಚಲಿಲ್ಲವೋ ಏನೋ, ರೂಢಿಯ ಮಾತೇ ಬಾಯಿಗೆ ಬಂತು.

"ಮೇಡಂ, ನಿಮಗೇನ್ ಕೊಡ್ಲಿ?"

ಫೋನಿನೊಳಗೆ ಮೇಡಂ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಿಮ್ಮ ಕಡೆಯ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಇದೆಯಾ ಅಮ್ಮ?"

"ಅದರಿ. ನಾನೇ ಕುಟ್ಟಿದ್ದು. ಅಣ್ಣಾರ ಕೈಯಾಗ ಕಳಿಸ್ತೇನಿ."

"ಕಳಿಸಿ. ಮುಚ್ಚಿದ ಅಂಗಡಿಯವರು ಏನು ಕೊಡ್ಲಿ ಅಂತ ಕೇಳಲ್ಲ. ಇಷ್ಟು ಸಾಕು ನನಗೆ, ಮೇಲಿನವರಿಗೆ ನಾನೇ ಕೇಳಿಸ್ತೀನಿ."

ಮುಂದಿನ ವಾರ ವ್ಯಾನ್ ಬಂತು. ಗುರುಬಾಯಿ ಅದರ ಗಾಲಿಗೆ ಕಾಯಿ ಒಡೆದಳು. ಆ್ಯಪಿನಲ್ಲಿ ಗುಂಡಿಗಳ ಹೆಸರೂ ಬದಲಾಯಿತು. ಈಗ ಬರೀ ಬಣ್ಣ, ಹಸಿರು, ಹಳದಿ, ಕೆಂಪು. ಕೆಂಪನ್ನು ಎಲ್ಲರೂ ಅಂಜದೆ ಒತ್ತುತ್ತಾರೆ, ಬಣ್ಣಕ್ಕೆ ಬಾಯಿಲ್ಲ. ಹೊಸಬರೇ, ನಿಮಗೆ ಈ ಬಣ್ಣಗಳು ಯಾಕೆ ಬಂದವೆಂದು ಯಾರೂ ಹೇಳಿರಲಿಕ್ಕಿಲ್ಲ, ಅದಕ್ಕೇ ಬರೆದೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ತರಬೇತಿಯಲ್ಲಿ ಆ ತರುಣ ಕೇಳಿದ ಪ್ರಶ್ನೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಉತ್ತರ ಸಿಕ್ಕರೆ ಅಲ್ಲೇ ಸಿಗಬೇಕು ಎಂದು ಹೋದ ವಾರ ಮಾದನಹಿಪ್ಪರಗಾದ ಬಸ್ ಹತ್ತಿದೆ. ಹೊರಡುವ ಮೊದಲು ಫೋನ್ ಮಾಡಿ, "ಅಂಗಡಿ ಹೆಂಗದರಿ ಅಕ್ಕಾರ?" ಎಂದಿದ್ದೆ. "ಇನ್ನಾ ಹೆಚ್ಚಾಗ್ಯಾದ್ರಿ, ಬರ್ರಿ" ಎಂದಿದ್ದಳು. ಯಾವ ಹೆಚ್ಚಾಗಿದ್ದು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಬಸ್ಸಿಳಿದು ನೋಡಿದರೆ ಅಂಗಡಿಯ ಮುಂದೆ ಮಂದಿಯೋ ಮಂದಿ. ಜೀವಕ್ಕೆ ತಂಪಾಯಿತು. ಹತ್ತಿರ ಹೋದೆ. ಹಲಗೆಗಳು ಕೆಳಗಿನಿಂದ ಮೇಲಿನ ತನಕ ತುಂಬಿವೆ. ಆದರೆ ಸಾಬೂನಲ್ಲ, ಶಾಂಪೂ ಅಲ್ಲ. ಕಂದು ಬಣ್ಣದ ಪೊಟ್ಟಣಗಳು, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಮಂದಿ ಫೋನಿನಲ್ಲಿ ತರಿಸಿದ್ದೆಲ್ಲ ಇಲ್ಲಿ ಬಂದು ಇಳಿಯುತ್ತದೆ. ಸುತ್ತಲ ಊರಿನವರು ಇಲ್ಲಿಗೆ ಬಂದು ಒಯ್ಯುತ್ತಾರೆ. ಗುರುಬಾಯಿ ಹೆಸರು ಕೂಗುತ್ತ, ಹುಡುಕಿ ಕೊಡುತ್ತ, ಕೂರಲು ಪುರುಸೊತ್ತಿಲ್ಲದೆ ಓಡಾಡುತ್ತಿದ್ದಾಳೆ. ಆ ಮೂಲೆಯ ಅಂಗಡಿಯಲ್ಲಿ ಇಷ್ಟು ಗದ್ದಲವನ್ನು ನಾನು ಎಂದೂ ಕಂಡಿರಲಿಲ್ಲ. ಕೊಡುವ ಮಾಲು ಮಾತ್ರ ಯಾವುದೂ ಅವಳದಲ್ಲ.

ಮಂದಿ ಕರಗಿದ ಮೇಲೆ ನನ್ನನ್ನು ಕಂಡಳು. ಮುಖ ಅರಳಿತು. "ಬರ್ರಿ ಬರ್ರಿ ಅಣ್ಣಾರ! ಏನ್ ಕೊಡ್ಲಿ?"

"ಒಂದು ಚಾಪುಡಿ ಕೊಡ್ರಿ ಅಕ್ಕಾರ" ಎಂದೆ. ಬರಿಗೈಯಲ್ಲಿ ಹೋಗಬಾರದು ಎಂದಷ್ಟೇ ನನ್ನ ಮನಸ್ಸಿನಲ್ಲಿ ಇತ್ತು.

ಗುರುಬಾಯಿ ರೂಢಿಯಂತೆ ತಿರುಗಿ ಮೇಲಿನ ಹಲಗೆಗೆ ಕೈ ಚಾಚಿದಳು. ಕೈಗೆ ಯಾರದೋ ಪೊಟ್ಟಣ ತಾಕಿತು. ಅದನ್ನು ಇಳಿಸ ಹೋದವಳು ಹೆಸರು ನೋಡಿ ಅಲ್ಲೇ ಬಿಟ್ಟಳು.

"ಇದರಾಗ ಚಾಪುಡೀನ ಅದಂತ್ರಿ, ನಿಮ್ಮ ಕಂಪನೀದ. ಓಣಿ ಮಾಸ್ತರ ಮನಿಯವರು ತರಿಸ್ಯಾರ. ಒಡಿಯಾಕ ಬರಂಗಿಲ್ಲ."

"ನಿಮ್ಮದು?"

ಆಕೆ ಹಲಗೆಗಳನ್ನು ಒಮ್ಮೆ ನೋಡಿದಳು, ಗೋಡೆಗಳನ್ನು ಒಮ್ಮೆ ನೋಡಿದಳು. ದನಿ ಇಳಿಸಿ, ಮನೆಯಲ್ಲಿ ಮಲಗಿದವರು ಯಾರೋ ಎದ್ದುಬಿಡುತ್ತಾರೆ ಅನ್ನುವ ಹಾಗೆ ಮೆಲ್ಲಗೆ ಹೇಳಿದಳು.

"ಹೆಚ್ಚಾಗ್ಯಾದ್ರಿ ಅಣ್ಣಾರ."